ನಲವತ್ತೇಳರ ಮೇಲೆ ಕೆಂಪು ಗೀಟು

ರಾಣೆಬೆನ್ನೂರಿನಿಂದ ಬ್ಯಾಡಗಿಯವರೆಗೆ ಸುಧಾರಾಣಿ ಬಸ್ಸಿನಲ್ಲಿ ನಿಂತೇ ಬಂದಳು. ಸೀಟು ಇರಲಿಲ್ಲವೆಂದಲ್ಲ, ಕೂರುವ ಸಮಾಧಾನ ಇರಲಿಲ್ಲ. ಬೆನ್ನಿಗೆ ಲ್ಯಾಪ್‌ಟಾಪ್, ಮೂಗಿನ ತುದಿಯಲ್ಲಿ ಸಿಟ್ಟು. ಇಳಿದವಳೇ ಶಂಕ್ರಪ್ಪನವರ ಮೆಣಸಿನಕಾಯಿ ಅಂಗಡಿಗೆ ನುಗ್ಗಿದಳು.

"ಎಲ್ಲದಾನ್ರಿ ನಿಮ್ಮ ಮಗ?"

ಗಾದಿಯ ಮೇಲಿದ್ದ ಶಂಕ್ರಪ್ಪ ಕನ್ನಡಕ ಏರಿಸಿ ನೋಡಿದರು. ಯಾರು, ಯಾಕೆ ಎಂದು ಕೇಳುವ ಧೈರ್ಯ ಅವರಿಗೂ ಬರಲಿಲ್ಲ. "ಒಳಗ ಅದಾನ ನೋಡವಾ," ಎಂದು ಚೀಲಗಳ ಸಂದಿ ತೋರಿಸಿದರು.

ಸಿಟ್ಟು ಬರದೆ ಇನ್ನೇನು ಬರಬೇಕು, ನೀವೇ ಹೇಳಿ! ಸುಧಾರಾಣಿ ಮತ್ತು ಕೊಟ್ರೇಶ ಮೂರು ವರ್ಷದಿಂದ ಹಾವೇರಿಯಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಸಂಶೋಧನೆ ಮಾಡುವವರು. ದಟ್ಟ ಧೂಳಿನ ಹಿಂದೆ ಅಡಗಿದ ಒಂದು ನಕ್ಷತ್ರಗುಚ್ಛ ಅವರದು. ಮಾಮೂಲಿ ದೂರದರ್ಶಕಕ್ಕೆ ಅಲ್ಲಿ ಬರೀ ಕತ್ತಲು, ಇನ್‌ಫ್ರಾರೆಡ್ ಬೆಳಕು ಮಾತ್ರ ಆ ಧೂಳನ್ನು ತೂರಿಕೊಂಡು ಬರುತ್ತದೆ. ಪರದೇಶದ ಬೆಟ್ಟದ ಮೇಲಿನ ದೂರದರ್ಶಕವೊಂದು ವರ್ಷಗಟ್ಟಲೆ ತೆಗೆದಿಟ್ಟ ಆ ಬೆಳಕಿನ ಚಿತ್ರಗಳಲ್ಲಿ, ಹೊಳಪು ಏರಿಳಿಯುವ ತಾರೆಗಳನ್ನು ಹುಡುಕಿ ಪಟ್ಟಿ ಮಾಡುತ್ತಿದ್ದರು. ಪಟ್ಟಿಯ ನಲವತ್ತೇಳನೆಯದು ಸುಧಾರಾಣಿಯೊಬ್ಬಳೇ ಹುಡುಕಿದ್ದು. ರಾಣೆಬೆನ್ನೂರಿನ ರೂಮಿನಿಂದಲೇ ಮೇಡ್ಲೇರಿಯ ಅಪ್ಪನಿಗೆ ಫೋನ್ ಮಾಡಿ ಹೇಳಿಕೊಂಡಿದ್ದಳು. ಶುಕ್ರವಾರ ಜರ್ನಲ್‌ಗೆ ಪೇಪರ್ ಕಳಿಸಬೇಕು. ಇವತ್ತು, ಬುಧವಾರ ಬೆಳಿಗ್ಗೆ, ಕೊಟ್ರೇಶ ಅವಳಿಗೊಂದು ಮಾತೂ ಹೇಳದೆ, ಗೈಡ್ ಇರುವ ವಾಟ್ಸಾಪ್ ಗ್ರೂಪಿನಲ್ಲೇ ಪಟ್ಟಿ ಹಾಕಿದ್ದ. ನಲವತ್ತೇಳರ ಮೇಲೆ ಕೆಂಪು ಗೀಟು!

ಹೋದ ತಿಂಗಳು ಇದೇ ಮಹಾಶಯ, "ನನ್ನ ಮದಿವಿ ಆಗ್ತೀಯೇನು?" ಎಂದು ಕೇಳಿದ್ದ. "ಪೇಪರ್ ಹೋಗ್ಲಿ, ಆಮ್ಯಾಲ ಹೇಳ್ತೇನಿ," ಎಂದಿದ್ದಳು.

ಚೀಲದ ಬಾಯಿ ಹೊಲಿಯುತ್ತಿದ್ದ ಕೊಟ್ರೇಶ ಅವಳನ್ನು ಕಂಡು ದಬಕ್ಕನೆ ಎದ್ದ. ಅಂಗಿಯ ಮೇಲೆಲ್ಲ ಕೆಂಪು ಪುಡಿ, ಒಂದು ಹುಬ್ಬಿನ ಮೇಲೂ ಒಂದಿಷ್ಟು. ಅಷ್ಟು ಸಿಟ್ಟಿನಲ್ಲೂ ಆ ಹುಬ್ಬು ಅವಳ ಕಣ್ಣಿಗೆ ಬಿತ್ತು. ಒರೆಸಬೇಕು ಅನ್ನಿಸಿತು. ಅದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

"ನಾ ಹೂಂ ಅನ್ನಲಿಲ್ಲಂತ ನನ್ನ ನಕ್ಷತ್ರದ ಮ್ಯಾಲ ಸೇಡು ತೀರಿಸ್ಕೊಂಡ್ಯಾ? ನಾಚಿಕಿ ಆಗೂದಿಲ್ಲೇನು ನಿನಗ?"

"ಸುಧಾ, ಮೊದ್ಲ ಕುಂದರು. ಕಣ್ಣಾಗ ನೀರು ಬರಾಕತ್ತಾವ."

"ನಾ ಏನ್ ಅಳಾಕತ್ತಿಲ್ಲ! ನಿಮ್ಮ ಮೆಣಸಿನಕಾಯಿ ಘಾಟು!" ಎಂದವಳು ಎರಡು ಸಲ ಸೀನಿದಳು. ಬೈಯುವಾಗ ಸೀನು ಬಂದರೆ ಬೈಗುಳದ ಮರ್ಯಾದೆಯೇ ಹೋಗುತ್ತದೆ. ಅವನ ತುಟಿಯಂಚಿನಲ್ಲಿ ಏನೋ ಸುಳಿಯಿತು. "ನಕ್ಕಿ ಅಂದ್ರ ನೋಡು ಮತ್ತ!"

ಕೊಟ್ರೇಶ ನಗಲಿಲ್ಲ. ಕೈ ಒರೆಸಿಕೊಂಡು, ಅವಳ ಲ್ಯಾಪ್‌ಟಾಪನ್ನು ಚೀಲದ ಮೇಲಿಟ್ಟು ತೆರೆದ.

"ಇಲ್ಲಿ ನೋಡು. ನಲವತ್ತೇಳು ಮಬ್ಬಾದ ದಿನನ ಅದರ ಬಾಜೂಕಿನ ಎರಡೂ ಮಬ್ಬಾಗ್ಯಾವ. ಅಷ್ಟಕ್ಕಷ್ಟ. ಮೂರು ನಕ್ಷತ್ರ ಮಾತಾಡ್ಕೊಂಡು ಮಬ್ಬಾಕ್ಕಾವೇನು? ಎಲ್ಲೋ ಅಳತಿ ತಪ್ಪೇತಿ."

ಆ ಎರಡು ತೀರಾ ಮಸಕು ಎಂದು ಸುಧಾರಾಣಿ ಅವನ್ನು ನೋಡಿಯೇ ಇರಲಿಲ್ಲ. ಗ್ರಾಫುಗಳನ್ನು ಒಂದರ ಕೆಳಗೊಂದು ನೋಡಿದಳು. ಅವನು ಹೇಳಿದ್ದು ಖರೆ.

"ಹಂಗಾದ್ರ ಆರು ತಿಂಗಳ ಹಿಂದ ನೀನ ಹೂಂ ಅಂತ ಗುರ್ತು ಹಾಕಿದ್ಯಲ್ಲ? ಅವತ್ತ ಇದು ಕಾಣಲಿಲ್ಲೇನು?"

ಅವರ ಕೆಲಸಕ್ಕೊಂದು ಕಟ್ಟಳೆ ಇದೆ. ಒಬ್ಬರು ಹುಡುಕಿದ್ದನ್ನು ಇನ್ನೊಬ್ಬರು ಬೇರೆ ಕೂತು, ಯಾರೋ ಮೂರನೆಯವರ ಕೆಲಸವೆಂಬಂತೆ ಪರೀಕ್ಷಿಸಬೇಕು. ಇಬ್ಬರೂ ಹೂಂ ಅಂದರೇ ಅದು ಪಟ್ಟಿಗೆ ಸೇರುವುದು.

"ಅವತ್ತ ನಾ ನೋಡಿರಲಿಲ್ಲ," ಎಂದ ಕೊಟ್ರೇಶ, ನೆಲ ನೋಡುತ್ತ. "ನೀ ಹುಡುಕೀದಿ ಅಂದ ಮ್ಯಾಲ ಖರೇನ ಇರತೈತಿ ಅಂತ ಹೂಂ ಹಾಕಿಬಿಟ್ಟಿದ್ನಿ. ನಿನ್ನೆ ಮನಸ್ಸು ತಡೀಲಿಲ್ಲ, ತಗದು ನೋಡಿದ್ನಿ. ನಿನಗ ಹೇಳಾಕ ಅಂಜಿಕಿ ಬಂತು."

ಸುಧಾರಾಣಿಗೆ ಇಷ್ಟು ಹೊತ್ತು ಬಂದದ್ದು ಸಿಟ್ಟೇ ಅಲ್ಲ. ನಿಜವಾದ ಸಿಟ್ಟು ಈಗ ಬಂತು.

"ನೋಡದ ಹೂಂ ಅಂದ್ಯಾ? ಸಣ್ಣ ಕೂಸು ಗೋಡಿ ಮ್ಯಾಲ ಗೀಚಿದ್ರ ಶಾಬಾಸ್ ಅಂತಾರಲ್ಲ, ಹಂಗ? ಗೀಟು ಹೊಡದದ್ದಕ್ಕ ಜಗಳಾಡಾಕ ಬಂದಿದ್ನಿ ನಾ. ಹೊಡಿ, ಹತ್ತು ಗೀಟು ಹೊಡಿ! ಆದ್ರ ನನ್ನ ಕೆಲಸ ಕಣ್ಣು ತೆರದು ನೋಡುವಷ್ಟೂ ಕಿಮ್ಮತ್ತಿಲ್ಲೇನು ನಿನ್ನ ಪ್ರೀತಿಯೊಳಗ? ಇನ್ನ ಯಾವ್ಯಾವುದಕ್ಕ ಹಂಗ ಅಂದೀದಿ, ಹೇಳು!"

ಹೊರಗೆ ಶಂಕ್ರಪ್ಪ ಕೆಮ್ಮಿದರು. ಕೊಟ್ರೇಶನ ಕಿವಿ ಅಂಗಡಿಯ ಸರಕಿನ ಬಣ್ಣಕ್ಕೆ ತಿರುಗಿತ್ತು.

"ಇನ್ನೊಂದಕ್ಕ ಅಂದೇನಿ. ನಾವು ಕೆಲಸಕ್ಕ ಸೇರಿದ ದಿನ, ನಲವತ್ತೇಳು ಇರೂ ಮೂಲಿಗೆ ಆಧಾರ ನಕ್ಷತ್ರ ಅಂತ ನೀ ಒಂದನ್ನ ಆರಿಸಿದ್ದಿ. ಅದು ಏರಿಳಿಯೂದಿಲ್ಲಂತ ನಾ ಖಾತ್ರಿ ಮಾಡ್ಕೋಬೇಕಿತ್ತು."

"ಮಾಡ್ಕೊಳ್ಳಲಿಲ್ಲ?"

"ಅವತ್ತ ನಿನ್ನ ಮಾರಿ ನೋಡ್ಕೋತ ಕುಂತಿದ್ನಿ."

ಸುಧಾರಾಣಿ ಬೈಯುವುದು ಬಿಟ್ಟು ಮತ್ತೆ ಗ್ರಾಫುಗಳ ಕಡೆ ತಿರುಗಿದಳು. ಆ ಮೂಲೆಯ ಈ ಮೂರೂ ತಾರೆಗಳ ಹೊಳಪನ್ನು ಅವರು ಅಳೆದದ್ದು ಅದೊಂದಕ್ಕೆ ಹೋಲಿಸಿಯೇ.

"ತಡಿ, ತಡಿ," ಎಂದಳು. "ಹಂಗಾದ್ರ ಮೂರೂ ಮಬ್ಬಾಗಿಲ್ಲ. ಆ ಆಧಾರನ ಹೆಚ್ಚಿಗಿ ಹೊಳದೈತಿ!"

ಚೀಲದ ಮುಂದೆ ಮಂಡಿಯೂರಿ ಕೂತಳು. ಪಕ್ಕದ ಮೂಲೆಯ ಬೇರೆ ಆಧಾರ ತೆಗೆದುಕೊಂಡು, ಈ ಆಧಾರವನ್ನೇ ಅಳೆಯಲು ಹಚ್ಚಿದಳು. ಅವನೂ ಬಗ್ಗಿದ. ಭುಜಕ್ಕೆ ಭುಜ ತಾಗಿತು, ಅವಳು ಸರಿಯಲಿಲ್ಲ. ಪರದೆಯ ಮೇಲೆ ನಲವತ್ತೇಳು ಸಪಾಟಾಗಿ ಮಲಗಿತು. ಆಧಾರವೆಂದು ನಂಬಿದ್ದ ನಕ್ಷತ್ರ ಮಾತ್ರ ಹತ್ತೊಂಬತ್ತು ದಿನಕ್ಕೊಮ್ಮೆ ಏರಿ, ಇಳಿದು, ಮತ್ತೆ ಏರಿತು.

"ಸುಧಾ! ಇದು ನಿಂದು. ನೀನ ಹುಡುಕೀದಿ!"

"ಮತ್ತ ಶುರು ಮಾಡಿದ್ಯಾ?" ಎಂದು ಅವನ ಕೈಗೆ ಪಟ್ಟನೆ ಹೊಡೆದಳು. "ನೀ ಬ್ಯಾರೆ ಕುಂತು ಮೊದಲಿಂದ ನೋಡು. ವೈರಿ ಕೆಲಸ ಅಂತ ತಿಳದು ನೋಡು. ಶುಕ್ರವಾರ ಪೇಪರ್ ಹೋಗೂದು ಬ್ಯಾಡ."

"ಹಂಗಾದ್ರ ನನಗ ಹೇಳೂ ಮಾತು?" ಅವನ ದನಿ ಸಣ್ಣದಾಯಿತು.

ಎಲ್ಲದಕ್ಕೂ ಹೂಂ ಅನ್ನುವ ಗಂಡನನ್ನು ಕಟ್ಟಿಕೊಂಡು ಬಾಳುವುದಾದರೂ ಹೇಗೆ? ಸುಧಾರಾಣಿಗೆ ಅದೇ ಹೆದರಿಕೆ. ಬೇಕೆಂದೇ ಕೇಳಿದಳು: "ಮದಿವಿ ಆದ್ರೂ ಪೇಪರ್ ಬರೂತನಕ ನಾ ರಾಣೆಬೆನ್ನೂರಾಗ, ನೀ ಬ್ಯಾಡಗ್ಯಾಗ. ಒಪ್ಪಿಗಿ ಐತೇನು?"

ಕೊಟ್ರೇಶ ಅವಳ ಕೆಂಪು ಕಣ್ಣು, ಸೋರುವ ಮೂಗು ಎಲ್ಲವನ್ನೂ ನಿಧಾನಕ್ಕೆ ನೋಡಿದ.

"ಇಲ್ಲ," ಎಂದ.

"ಏನಂದಿ?"

"ಇಲ್ಲ ಅಂದ್ನಿ. ನಕ್ಷತ್ರ ಬ್ಯಾರೆ ಕುಂತು ನೋಡ್ತೇನಿ. ಮದಿವಿ ಆದ ಮ್ಯಾಲ ಬ್ಯಾರೆ ಇರೂದಕ್ಕ ಒಪ್ಪಾಂಗಿಲ್ಲ. ಅದಕ್ಕ ನಾನೂ ಜಗಳಾಡ್ತೇನಿ."

ಮೂರು ವರ್ಷದಲ್ಲಿ ಅವನು ಅವಳೆದುರು ನಿಂತು ಇಲ್ಲ ಎಂದದ್ದು ಅದೇ ಮೊದಲು. ಸುಧಾರಾಣಿ ಸೆರಗಿನ ತುದಿಯಿಂದ ಅವನ ಹುಬ್ಬು ಒರೆಸಿದಳು, ಸ್ವಲ್ಪ ಜೋರಾಗಿಯೇ.

"ಹಂಗಾದ್ರ ಆಗ್ತೇನಿ," ಎಂದಳು, ಇನ್ನೂ ಸಿಟ್ಟಿನಲ್ಲೇ.