ವೈರ್‌ಲೆಸ್ಸಿನಲ್ಲಿ ಕೇಳಿದ ವಿಳಾಸ

ಮಾರ್ಚ್ 11, ಬೆಳಿಗ್ಗೆ 9.20. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಠಾಣೆಗೆ ಬಂದ ಮಾರ್ಟಿನಾಳ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಅವಳ ದೂರನ್ನು ಅನುವಾದಕ ಲಿಡ್ವಿನ್ ಅರಬಿಯಲ್ಲಿ ಹೇಳುತ್ತಾ ಹೋದ. ಲೆಫ್ಟಿನೆಂಟ್ ಮಸೂದ್ ಬರೆದುಕೊಂಡರು.

ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಅವಳು ಗೆಳತಿಯ ಫ್ಲಾಟಿನಲ್ಲಿದ್ದಳು. ನಿನ್ನೆ ಅವನು ಫೋನಿನಲ್ಲಿ ಬೆದರಿಸಿದಾಗ ಪೊಲೀಸರಿಗೆ ಕರೆ ಮಾಡಿದಳು. ಗಸ್ತಿನ ಕಾರಿಗಿಂತ ಮೊದಲು ಬಾಗಿಲಿಗೆ ಬಂದವನು ಗಂಡನೇ. ಅವನೀಗ ಲಾಕಪ್ಪಿನಲ್ಲಿದ್ದ.

"ಅವನಿಗೆ ವಿಳಾಸ ಹೇಗೆ ಸಿಕ್ಕಿತು?"

"ನಮ್ಮೂರಿನವರ ವಾಟ್ಸಾಪ್ ಗುಂಪಲ್ಲಿ ಯಾರೋ ಹಾಕಿದ್ದು ಸರ್. ನನ್ನ ಹೆಸರು, ಫ್ಲಾಟ್ ನಂಬರ್ ಎಲ್ಲ ಉಂಟು."

ಕಂಟ್ರೋಲ್ ರೂಮು ವೈರ್‌ಲೆಸ್ಸಿನಲ್ಲಿ ಅವಳ ಹೆಸರು, ವಿಳಾಸ ಹೇಳಿದ್ದು ನಿನ್ನೆ ಮಧ್ಯಾಹ್ನ 3.42ಕ್ಕೆ. ಗುಂಪಿಗೆ ಧ್ವನಿ ಸಂದೇಶ ಬಂದದ್ದು 3.44ಕ್ಕೆ. ಯಾರೋ ಕದ್ದು ಕೇಳುತ್ತಿದ್ದರು.

ಮಸೂದ್ ಮಾರ್ಟಿನಾಳ ಫೋನಿನಲ್ಲಿ ಆ ಸಂದೇಶ ಕೇಳಿಸಿದರು. ಎರಡೇ ಮಾತಿಗೆ ಲಿಡ್ವಿನ್‌ಗೆ ರುಡೊಲ್ಫನ ದನಿಯ ಗುರುತು ಹತ್ತಿತು. 1993ರಿಂದ ಆರು ವರ್ಷ ಬಂದರು ಬದಿಯ ಅಲ್ ಮೀನಾದ ಒಂದೇ ರೂಮಿನಲ್ಲಿ ಅವನೂ ರುಡೊಲ್ಫನೂ ಇಬ್ಬರೇ ಇದ್ದರು. ರುಡೊಲ್ಫ್ ದೋಣಿಗಳ ವೈರ್‌ಲೆಸ್ ರಿಪೇರಿ ಮಾಡುತ್ತಿದ್ದ. ಆಗ ಪೊಲೀಸರ ಮಾತು ಯಾರ ಸೆಟ್ಟಿಗೂ ಸಿಗುತ್ತಿತ್ತು. ಶುಕ್ರವಾರ ಮೀನಿನ ಸಾರು ಕುದಿಯುವಾಗ ಆ ದನಿಗಳು ರೂಮು ತುಂಬುತ್ತಿದ್ದವು. ಲಿಡ್ವಿನ್ ಅರಬಿ ಕಲಿತದ್ದೇ ಅವುಗಳಿಂದ.

"ಇವನು ನನ್ನ ಗೆಳೆಯ ಸರ್, ರುಡೊಲ್ಫ್" ಎಂದ ಲಿಡ್ವಿನ್.

"ಹಾಗಾದರೆ ಹೇಳಿಕೆಗೆ ಬೇರೆ ಅನುವಾದಕರನ್ನು ಕರೆಸುತ್ತೇನೆ."

"ಅವನ ಮನೆ ಬಾಗಿಲ ತನಕ ನಾನು ಬರ್ತೇನೆ."

ಮಧ್ಯಾಹ್ನ 1.10. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾವೊಂದರ ಹಿಂದಿನ ಕೋಣೆ. ತಲೆ ಪೂರ್ತಿ ನರೆತ ರುಡೊಲ್ಫ್ ಬಾಗಿಲು ತೆಗೆದ.

"ಲಿಡ್ವಿನ್, ನೀನಾ? ಬಾ, ಚಾ ಮಾಡ್ತೇನೆ."

"ಚಾ ಬೇಡ. ಸೆಟ್ ಎಲ್ಲುಂಟು?"

ಅವನು ಕಪಾಟು ತೋರಿಸಿದ. ರಿಪೇರಿಗೆ ಬಂದಿದ್ದ ಪೊಲೀಸ್ ಸೆಟ್ ಅದು, ಹಿಂತಿರುಗಿಸಿರಲಿಲ್ಲ. ಮಸೂದ್ ಜಪ್ತಿ ಪಟ್ಟಿ ಬರೆದರು.

"ಹೆಸರು, ನಂಬರು ಯಾಕೆ ಹಾಕಿದ್ದು ಮಾರಾಯ?"

"ಹತ್ತಿರ ಇದ್ದವರು ಸಹಾಯಕ್ಕೆ ಓಡಿ ಹೋಗ್ಲಿ ಅಂತ."

"ಓಡಿ ಬಂದದ್ದು ಅವಳ ಗಂಡ. ಕೈ ಮುರಿದ."

ರುಡೊಲ್ಫ್ ಅಂಗಿ ತೊಟ್ಟು ಹೊರಟು ನಿಂತ. 1.35ಕ್ಕೆ ಬಂಧನ ದಾಖಲಾಯಿತು.

ಸಂಜೆ ಮಸೂದ್ ರುಡೊಲ್ಫನ ಹೇಳಿಕೆಯ ಪ್ರತಿಯನ್ನು ಲಿಡ್ವಿನ್ ಮುಂದಿಟ್ಟರು. 1997ರಲ್ಲಿ ರುಡೊಲ್ಫನ ಅಣ್ಣ ಡೆಲ್ಫಿನ್ ಲಾರಿಗೆ ಸಿಕ್ಕಿ ಸತ್ತ. ಹುಡುಕಿ ಬರುವವರಿಲ್ಲದೆ ಹೆಣ ಒಂಬತ್ತು ದಿನ ಶವಾಗಾರದಲ್ಲಿತ್ತು. ಇಷ್ಟು ಲಿಡ್ವಿನ್‌ಗೆ ಗೊತ್ತಿತ್ತು. ಹೆಣ ತರಲು ಅವನೂ ಹೋಗಿದ್ದ. ಮುಂದಿನ ಸಾಲು ಗೊತ್ತಿರಲಿಲ್ಲ. ಡೆಲ್ಫಿನ್‌ನ ಹೆಸರನ್ನು ಪೊಲೀಸರು ಆ ದಿನ ವೈರ್‌ಲೆಸ್ಸಿನಲ್ಲಿ ಮೂರು ಸಲ ಕೂಗಿದ್ದರಂತೆ. ರೂಮಿನ ಸೆಟ್ ಆಫ್ ಆಗಿತ್ತು.

ಆಫ್ ಮಾಡಿದ್ದರ ಕಾರಣ ಕೇಳಿದ್ದಕ್ಕೆ ರುಡೊಲ್ಫ್ ಹೇಳಿದ್ದು ಇಷ್ಟೇ: "ಡ್ಯೂಟಿ ಮುಗಿಸಿ ಬಂದ ರೂಮಿನವನಿಗೆ ನಿದ್ದೆ ಬೇಕಿತ್ತು."

ರೂಮಿನವನ ಹೆಸರು ಹೇಳಿರಲಿಲ್ಲ.