ಒತ್ತೆಯಾಳಿನ ಕೈ

ಇಳಿಬಿಸಿಲಿನಲ್ಲಿ ಹೊನ್ನಾವರದ ಕೋಟೆಯ ಕೆಂಪು ಗೋಡೆ ಶರಾವತಿಯ ನೀರಿನೊಳಗೆ ಇನ್ನಷ್ಟು ಕೆಂಪಾಗಿ ಕಾಣುತ್ತಿತ್ತು. ದೋಣಿ ನಿಲ್ಲುವ ಧಕ್ಕೆಯ ಮೇಲೆ ಮೆಣಸಿನ ಮೂಟೆ ಹೊತ್ತವರ ಕೂಗು, ಇಗರ್ಜಿಯ ಗಂಟೆ, ಪರಂಗಿ ಸಿಪಾಯಿಗಳ ಜೂಜಿನ ಗದ್ದಲ. ಇವಾವುವೂ ಮಹಡಿಯ ಕಿಟಕಿಯಲ್ಲಿ ನಿಂತಿದ್ದ ಗವರ್ನರ್ ದೊಂ ಜಾಸಿಂತುವಿನ ಮನಸ್ಸಿಗೆ ತಾಗುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬನೇ ಮಗ ಜ್ವರದಿಂದ ತೀರಿಕೊಂಡಂದಿನಿಂದ ಉಂಡದ್ದಕ್ಕೆ ರುಚಿಯಿಲ್ಲ, ಆಳಿದ್ದಕ್ಕೆ ಹುರುಪಿಲ್ಲ. ಅಧಿಕಾರದ ಬೆತ್ತ ಕೈಯಲ್ಲಿತ್ತು; ಕೈ ಮಾತ್ರ ಬೇರೆ ಯಾರದೋ ಎಂಬಂತಿತ್ತು.

ಆಚೆ ದಡದಲ್ಲಿ ಘಟ್ಟದ ಮೇಲಿನ ಅರಸರ ದಂಡು ಬೀಡುಬಿಟ್ಟಿತ್ತು. ಅಂದು ಬೆಳಿಗ್ಗೆ ಅವರ ರಾಯಭಾರಿ ವೀರಭದ್ರಯ್ಯ ಸಂಧಿಯ ಮಾತಿಗೆಂದು ಕೋಟೆಗೆ ಬಂದಾಗ, ಅವನ ಪ್ರಾಣಕ್ಕೆ ಹೊಣೆಯಾಗಿ ಪರಂಗಿ ಕುಲೀನನೊಬ್ಬ ಒತ್ತೆಯಾಳಾಗಿ ಆಚೆಗೆ ಹೋಗಿದ್ದ. ದೀಪ ಹಚ್ಚುವ ಹೊತ್ತಿಗೆ ಇಬ್ಬರನ್ನೂ ನೀರಿನಂಚಿಗೆ ಕರೆತರಬೇಕು, ಅವರು ಕೈಯೆತ್ತಿ ತಾವು ಬದುಕಿರುವುದನ್ನು ತಮ್ಮವರಿಗೆ ತೋರಬೇಕು ಎಂಬುದು ಒಪ್ಪಂದ.

ಆದರೆ ವೀರಭದ್ರಯ್ಯ ಮಧ್ಯಾಹ್ನವೇ ಸತ್ತಿದ್ದ. ಪರಂಗಿಗಳ ಮನೆಯ ನೀರನ್ನೂ ಮುಟ್ಟದ ಆತ ಎಳನೀರೊಂದಕ್ಕೆ ಮಾತ್ರ ಒಪ್ಪಿದ್ದ. ವಿಷ ಅದರಲ್ಲೇ ಬಂದಿತ್ತು.

ಉಪನಾಯಕ ದೊಂ ರೂಯಿ ಏದುಸಿರು ಬಿಡುತ್ತ ಒಳನುಗ್ಗಿದ.

"ಪ್ರಭು, ಆಚೆ ದಡದಲ್ಲಿ ಒತ್ತೆಯಾಳಾಗಿರುವುದು ನನ್ನ ಮಗನಂತೆ! ನಿಜವೇ?"

"ನಿಜ. ನನ್ನ ತಮ್ಮನ ಮಗ ಹೋಗಬೇಕಿತ್ತು, ಜ್ವರ ಬಂತು. ನಿಮ್ಮ ದಿನೀಸ್ ತಾನಾಗಿಯೇ ದೋಣಿ ಹತ್ತಿದ."

ರೂಯಿ ಪ್ರಭುವಿನ ಕಾಲು ಹಿಡಿದ. "ಅಲ್ಲಿರುವವನು ನಿಮ್ಮ ವಂಶದವನೆಂದೇ ತಿಳಿದಿದ್ದೆ. ಯುದ್ಧವಾದರೆ ಗೋವೆಯವರು ನಿಮ್ಮನ್ನು ಇಳಿಸುತ್ತಾರೆ, ಆ ಬೆತ್ತ ನನಗೆ ಬರುತ್ತದೆ ಎಂದು ಆ ಎಳನೀರಿನಲ್ಲಿ... ಪ್ರಭು, ಯಾರಿಗಾದರೂ ಸತ್ತವನ ರುಮಾಲು ಸುತ್ತಿ ದಡದಲ್ಲಿ ನಿಲ್ಲಿಸೋಣ!"

ದೊಂ ಜಾಸಿಂತುವಿಗೆ ಕೋಪವೂ ಬರಲಿಲ್ಲ. ಬರಬೇಕಾದದ್ದು ಬರಲಿಲ್ಲವಲ್ಲ ಎಂದು ಕ್ಷಣಕಾಲ ಕಾದು ನೋಡಿದ. ಆಮೇಲೆ ಬೆತ್ತವನ್ನು ರೂಯಿಯ ಮುಂದಿಟ್ಟು ಮೆಟ್ಟಿಲಿಳಿದ. ಅಷ್ಟು ಆಸೆಪಟ್ಟ ಬೆತ್ತವನ್ನು ಆ ಮಹಾಶಯ ಮುಟ್ಟಲಿಲ್ಲ; ಪ್ರಭುವಿನ ಹಿಂದೆಯೇ ಧಕ್ಕೆಗೆ ಓಡಿದ.

ದೋಣಿಯಲ್ಲಿ ಆಚೆ ದಡ ಸೇರಿದ ಗವರ್ನರ್ ನಡೆದುದನ್ನೆಲ್ಲ ದುಭಾಷಿಯ ಮೂಲಕ ದಂಡಿನ ದಳವಾಯಿಗೆ ಹೇಳಿ, ಒಂದು ಹೆಸರನ್ನು ಮಾತ್ರ ಹೇಳದೆ ಉಳಿಸಿಕೊಂಡ. ತರುಣನನ್ನು ಬಿಟ್ಟು ತನ್ನನ್ನು ಇಟ್ಟುಕೊಳ್ಳಬೇಕೆಂದು ಕೇಳಿದ. ದಳವಾಯಿ ಒಪ್ಪಿದ. ದಿನೀಸ್ ಅದೇ ದೋಣಿಯಲ್ಲಿ ಮರಳಿದ.

"ಕೊಂದವನ ಹೆಸರು ಹೇಳಿ, ತಾವೂ ಹಿಂದಿರುಗಬಹುದು," ಎಂದ ದಳವಾಯಿ.

ಎದುರು ದಡದಲ್ಲಿ ರೂಯಿ ಮಗನನ್ನು ತಬ್ಬಿಕೊಂಡು ಬಿಕ್ಕುತ್ತಿದ್ದುದು ಕಾಣುತ್ತಿತ್ತು.

"ಕೋಟೆ ನನ್ನದು. ಒಳಗೆ ಸತ್ತವರು ನನ್ನ ಅತಿಥಿ. ಹೊಣೆಯೂ ನನ್ನದೇ."

"ಹಾಗಾದರೆ ಬೆಳಗಾಗುವಷ್ಟರಲ್ಲಿ ತಮ್ಮ ತಲೆ ಉಳಿಯದು. ಆದರೆ ತಮ್ಮ ಕೋಟೆಯ ಮೇಲೆ ನಮ್ಮ ದಂಡು ಏರದು. ಇದು ನನ್ನ ಮಾತು."

"ಅಷ್ಟು ಸಾಕು."

ದೀಪ ಹಚ್ಚಿದರು. ಯಾರೂ ಕರೆಯದಿದ್ದರೂ ದೊಂ ಜಾಸಿಂತು ನೀರಿನಂಚಿಗೆ ನಡೆದು, ಒಪ್ಪಂದದಂತೆ ಕೈಯೆತ್ತಿದ. ಆಚೆಯಿಂದ ದಿನೀಸನೂ ಕೈಯೆತ್ತಿದ. ನದಿಯ ಗಾಳಿ ಬೆರಳುಗಳಿಗೆ ತಣ್ಣಗೆ ತಾಗಿದಾಗ, ಮಗ ಹೋದ ಮೇಲೆ ಮೊದಲ ಸಲ, ಆ ಕೈ ತನ್ನದೆಂದು ಅವನಿಗೆ ಅನ್ನಿಸಿತು.