ವಿಶ್ವದ ನಟ್ಟನಡುವೆ ನಾನು

ಶೋ ಮುಗಿದದ್ದೇ ತಡ, ಕಂಟ್ರೋಲ್ ರೂಮಿನ ಬಾಗಿಲನ್ನು ದಡಾರನೆ ತಳ್ಳಿದೆ.

"ಏನೋ ಅದು?" ಎಂದು ಒಳಗೆ ಕೂತಿದ್ದವನ ಮೇಲೆ ರೇಗಿದೆ.

ನಮ್ಮ ತಾರಾಲಯದಲ್ಲಿ ನಾನು ಮಾತಾಡುತ್ತೇನೆ, ಅವನು ಪ್ರೊಜೆಕ್ಟರ್ ನಡೆಸುತ್ತಾನೆ. ಹಗಲೆಲ್ಲ ಕತ್ತಲಲ್ಲಿ ಕೂರುವುದರಿಂದ ಎಲ್ಲರಿಗೂ ಅವನು ಗೂಬೆ. ನಾಳೆ ಕೆಲಸ ಬಿಟ್ಟು ಬೇರೆ ಊರಿನ ತಾರಾಲಯಕ್ಕೆ ಹೋಗುತ್ತಾನಂತೆ. ಅದು ನನಗೆ ತಿಳಿದದ್ದು ವಾಚ್‌ಮನ್ ಬಾಯಿಂದ. ಮೂರು ವರ್ಷ ಒಂದೇ ಬೆಂಚಿನ ಮೇಲೆ ಕೂತು ಚಹಾ ಕುಡಿದವನು! ಮೊದಲೇ ಮೈಯೆಲ್ಲ ಉರಿಯುತ್ತಿತ್ತು, ಅದರ ಮೇಲೆ ಇವತ್ತು ಈ ಕಿತಾಪತಿ.

ವಿಶ್ವ ಹಿಗ್ಗುತ್ತಿದೆ, ಆದರೆ ಅದಕ್ಕೆ ಕೇಂದ್ರವೆಂಬುದಿಲ್ಲ ಎಂದು ನಾನು ಹೇಳುವ ಹೊತ್ತಿಗೆ ಸರಿಯಾಗಿ, ಗುಮ್ಮಟದ ಅಷ್ಟೂ ಗ್ಯಾಲಕ್ಸಿಗಳು ನನ್ನ ತಲೆಯ ಮೇಲಿನ ಒಂದೇ ಬಿಂದುವಿನಿಂದ ಚಿಮ್ಮಿ ಓಡತೊಡಗಿದವು. "ಅಲ್ಲೇ ಇದೆಯಲ್ಲಮ್ಮ ಕೇಂದ್ರ!" ಎಂದರು ಮುಂದಿನ ಸಾಲಿನ ಮೇಷ್ಟ್ರೊಬ್ಬರು. ಸಭೆಗೆ ಸಭೆಯೇ ಗೊಳ್ಳೆಂದು ನಕ್ಕಿತು.

"ಚೆನ್ನಾಗಿರ್ಲಿಲ್ವಾ?" ಎಂದ ಗೂಬೆ, ಕೀಬೋರ್ಡಿನಿಂದ ಕಣ್ಣೆತ್ತದೆ.

"ತಪ್ಪು ಕಣೋ! ವಿಶ್ವಕ್ಕೆ ಕೇಂದ್ರ ಇಲ್ಲ ಅಂತ ನಿಂಗೊತ್ತಿಲ್ವಾ?"

"ಗೊತ್ತು. ನನ್ನ ವಿಶ್ವಕ್ಕಿದೆ." ಅವನ ಕಿವಿ ಕೆಂಪಾಯಿತು. "ನೀನು ನಿಲ್ಲೋ ಜಾಗ. ಹೋಗೋಕ್ ಮುಂಚೆ ಒಂದ್ಸಲ ತೋರಿಸ್ಬೇಕು ಅನ್ನಿಸ್ತು."

ಎದೆ ಧಸಕ್ಕೆಂದಿತು. ಸಿಟ್ಟು ಮಾತ್ರ ಇಳಿಯಲಿಲ್ಲ, ಇನ್ನಷ್ಟು ಏರಿತು.

"ನನ್ನನ್ನ ಅಲ್ಲಿ ನಿಲ್ಲಿಸಿ ಏನ್ ಮಾಡಿದೆ ನೋಡ್ಕೊಂಡ್ಯಾ? ಇರೋಬರೋದೆಲ್ಲ ನನ್ನಿಂದ ಓಡಿಹೋಯ್ತು! ನಿನ್ನ ಹಾಗೇ!"

ಅವನು ಬೆಪ್ಪಾದ. ಅಷ್ಟು ಯೋಚಿಸಿರಲಿಲ್ಲ, ಪಾಪ. ಪಾಪವೂ ಇಲ್ಲ, ಮಣ್ಣೂ ಇಲ್ಲ!

"ನೀನೇ ದೂರ ಸರೀತಿದೀಯ ಅಂದ್ಕೊಂಡು ಆ ಕೆಲ್ಸಕ್ಕೆ ಅರ್ಜಿ ಹಾಕ್ದೆ. ಚಹಾಕ್ಕೂ ಬರೋದ್ ಬಿಟ್ಟಿದ್ದೆ ನೀನು."

"ನೀನು ಕರೀಲಿ ಅಂತ ಕಾಯ್ತಿದ್ದೆ!"

"ನೀನಾಗೇ ಬರ್ಲಿ ಅಂತ ನಾನು ಕಾಯ್ತಿದ್ದೆ."

ಎಲ್ಲಿ ನಿಂತು ನೋಡಿದರೂ ಎದುರಿನದೇ ಓಡುತ್ತಿರುವಂತೆ ಕಾಣುತ್ತದೆ ಎಂದು ದಿನಾ ಊರಿಗೆಲ್ಲ ಪಾಠ ಹೇಳುವವಳು ನಾನು. ನನ್ನ ತಲೆಗೇ ಅದು ಹತ್ತಿರಲಿಲ್ಲ.

ಅವನು ಮೆಲ್ಲಗೆ ತಲೆಯೆತ್ತಿದ. ಕತ್ತಲಿಗೆ ಒಗ್ಗಿದ ಆ ಕಣ್ಣುಗಳು ಹಣೆಯಿಂದ ಗಲ್ಲದವರೆಗೆ ನನ್ನ ಮುಖವನ್ನು ನಿಧಾನವಾಗಿ ನೋಡಿಕೊಂಡು ಬಂದವು. ಬೇಕೆಂದೇ ಹುಬ್ಬು ಗಂಟಿಕ್ಕಿದೆ.

"ವಿಶ್ವದಲ್ಲಿ ನಮ್ಗೆ ಗೊತ್ತಿರೋದು ನೂರಕ್ಕೆ ಐದು ಪಾಲು, ಮಿಕ್ಕಿದ್ದು ಏನೂಂತ್ಲೇ ತಿಳೀದು ಅಂತೀಯಲ್ಲ? ನಿನ್ ವಿಷ್ಯದಲ್ಲಿ ನಂಗೆ ಆ ಐದೂ ಗೊತ್ತಿಲ್ಲ. ಕೇಳೋಕೆ ಹೆದ್ರಿಕೆ."

"ವಿಶ್ವಕ್ಕೆ ಬಾಯಿಲ್ಲ ಕಣೋ, ಅದಕ್ಕೇ ಟೆಲಿಸ್ಕೋಪ್ ಹಿಡ್ಕೊಂಡು ಒದ್ದಾಡ್ತೀವಿ. ನಂಗಿದೆಯಲ್ಲ ಬಾಯಿ! ಕೇಳೋಕೇನು ರೋಗ ನಿಂಗೆ?"

ಇವನೆದುರು ಅಳಬಾರದೆಂದು ಗೋಡೆಯ ಕಡೆ ತಿರುಗಿದೆ. ಹಿಂದೆ ಕುರ್ಚಿ ಸರಿದ ಸದ್ದಾಯಿತು.

"ನಾನ್ ಹೋಗ್ಲಾ, ಇರ್ಲಾ?"

"ಕೇಳ್ಬೇಕಾಗಿರೋದು ಅದಲ್ಲ."

ಅವನು ಸುತ್ತಿ ಬಂದು ನನ್ನೆದುರು ನಿಂತ. "ನನ್ ಕಂಡ್ರೆ ಇಷ್ಟಾನಾ ನಿಂಗೆ?"

"ಇಷ್ಟ!" ಎಂದು ಅರಚಿದೆ. "ಹೊರಡೋ ಹಿಂದಿನ ದಿನ ಕೇಳ್ತಿದೀಯಲ್ಲ, ನಾಚಿಕೆ ಆಗ್ಬೇಕು ನಿಂಗೆ!"

"ಆಗ್ತಿದೆ," ಎಂದ. ನಗುತ್ತಿದ್ದ, ಕಣ್ಣು ತುಂಬಿತ್ತು. ಅಲ್ಲೇ ಮ್ಯಾನೇಜರಿಗೆ ಫೋನ್ ಮಾಡಿ, "ಸರ್, ರಾಜೀನಾಮೆ ವಾಪಸ್ ತಗೋತೀನಿ" ಎಂದ. ಅವರು ಅತ್ತಲಿಂದ ಬೈದು ಮುಗಿಸುವವರೆಗೂ ನಾನು ಅವನ ಅಂಗಿಯ ತೋಳನ್ನೂ ಬಿಡಲಿಲ್ಲ, ಸಿಟ್ಟನ್ನೂ ಬಿಡಲಿಲ್ಲ.